ಮನೆ ಕಾಯುವ ಕೋವಿ

ಭದ್ರಾವತಿಯ ಹಿರಿಯರೊಬ್ಬರು ಮೊನ್ನೆ ಕೇಳಿದರು: "ಮೇಷ್ಟ್ರೇ, ಮನೇಲಿಡೋಕೆ ಯಾವ ಕೋವಿ ಒಳ್ಳೇದು? ಒಂಟಿ ನಳಿಗೇದೋ, ಜೋಡು ನಳಿಗೇದೋ?" ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. ಮಗ ಬೆಂಗಳೂರಿನಲ್ಲಿ, ಮಗಳು ಪುಣೆಯಲ್ಲಿ. ಮನೆಯಲ್ಲಿ ಗಂಡ ಹೆಂಡತಿ ಇಬ್ಬರೇ. ಪಕ್ಕದ ಬೀದಿಯಲ್ಲಿ ಕಳ್ಳತನವಾದಾಗಿನಿಂದ ಅವರಿಗೆ ನಿದ್ದೆ ಹತ್ತುತ್ತಿಲ್ಲ. ಅವರ ಭಯ ನಿಜವಾದದ್ದು. ಅದಕ್ಕೆ ಬಾಯಿಮಾತಿನ ಸಮಾಧಾನ ಹೇಳಿ ಎದ್ದು ಬರಲು ನನಗೆ ಮನಸ್ಸಾಗಲಿಲ್ಲ.

ಮಲೆನಾಡಿಗೆ ಕೋವಿ ಹೊಸದಲ್ಲ. ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯ ತೋಟದ ಮನೆಗಳಲ್ಲಿ ಅದು ಕತ್ತಿ, ಗುದ್ದಲಿಗಳ ಜೊತೆಗೇ ಇದ್ದುಕೊಂಡು ಬಂದಿದೆ. ಹಂದಿ, ಮಂಗಗಳನ್ನು ಬೆದರಿಸಲು ಒಂದು ಈಡು ಹಾರಿಸಿದರೆ ಆ ಹೊತ್ತಿನ ಮಟ್ಟಿಗೆ ಗದ್ದೆ ಉಳಿಯಿತು. ಆದರೆ ಬೆಳೆ ಕಾಯುವುದು ಬೇರೆ, ಮನೆ ಕಾಯುವುದು ಬೇರೆ. 1959ರ ಶಸ್ತ್ರಾಸ್ತ್ರ ಕಾಯ್ದೆಯೂ ಈ ಎರಡು ಅಗತ್ಯಗಳನ್ನು ಬೇರೆ ಮಾಡಿಯೇ ನೋಡುತ್ತದೆ. ಬೆಳೆ ಕಾಯಲು ನಳಿಗೆಯ ಬಾಯಿಂದ ಮದ್ದು ತುಂಬುವ ಕೇಪಿನ ಕೋವಿ. ಆತ್ಮರಕ್ಷಣೆಗೆ ಒಳಮೈ ನುಣುಪಾಗಿರುವ, ಕಡಿಮೆಯೆಂದರೂ 20 ಅಂಗುಲ ನಳಿಗೆಯ ಬಂದೂಕು, ಅಂದರೆ ನಾವು ತೋಟಾಕೋವಿ ಎನ್ನುವುದು.

ಕೇಪಿನ ಕೋವಿಗೆ ಈಡು ತುಂಬುವುದನ್ನು ಹತ್ತಿರದಿಂದ ನೋಡಿದವರಿಗೆ ಗೊತ್ತು. ಅಳತೆ ನೋಡಿ ಮದ್ದು ಸುರಿಯಬೇಕು. ತೆಂಗಿನ ನಾರನ್ನು ಉಂಡೆ ಮಾಡಿ ತುರುಕಿ, ಗಜದಿಂದ ಜಡಿಯಬೇಕು. ಆಮೇಲೆ ಚರೆ, ಅದು ಉದುರದಂತೆ ಮತ್ತೆ ನಾರು. ಕೊನೆಗೆ ಕುದುರೆ ಎತ್ತಿ ಕೇಪು ಕೂರಿಸಬೇಕು. ಕೈ ನಡುಗುವವರ ಕೆಲಸವಲ್ಲ ಅದು, ಅವಸರದ ಕೆಲಸವೂ ಅಲ್ಲ. ಗದ್ದೆಯಂಚಿನ ಮಾಳದಲ್ಲಿ ಇಡೀ ರಾತ್ರಿ ಕೂತವನಿಗೆ ಅಷ್ಟು ಪುರಸೊತ್ತು ಇರುತ್ತದೆ. ರಾತ್ರಿ ಎರಡಕ್ಕೆ ಹಿತ್ತಿಲ ಬಾಗಿಲು ಕಿರುಗುಟ್ಟಿದಾಗ ಎಚ್ಚರವಾದ ಎಪ್ಪತ್ತರ ಮುದುಕನಿಗೆ ಎಲ್ಲಿಂದ ಬರಬೇಕು?

ತೋಟಾಕೋವಿಯಾದರೆ ಈ ಕಷ್ಟವಿಲ್ಲ ಎನ್ನಬಹುದು. ಆದರೆ ಅಲ್ಲಿಯೇ ನಿಜವಾದ ಇಕ್ಕಟ್ಟು ಶುರುವಾಗುವುದು. ಕೋವಿಯನ್ನು ಖಾಲಿ ಮಾಡಿ ಬೀರುವಿನಲ್ಲಿಟ್ಟು, ತೋಟಾಗಳನ್ನು ಬೇರೆ ಕಡೆ ಇಟ್ಟು ಬೀಗ ಹಾಕಿದಿರಿ ಎನ್ನಿ. ಕನ್ನಡಕ ಹುಡುಕಿ, ಕೀಲಿ ಹುಡುಕಿ, ತೋಟಾ ಏರಿಸುವ ಹೊತ್ತಿಗೆ ಕಳ್ಳ ಅಡುಗೆಮನೆ ದಾಟಿರುತ್ತಾನೆ. ಈಡು ತುಂಬಿಯೇ ಮಂಚದ ಪಕ್ಕ ಒರಗಿಸಿಟ್ಟರೆ, ಬೇಸಿಗೆ ರಜೆಗೆ ಬಂದ ಮೊಮ್ಮಗನ ಕೈಗೆ ಅದು ಸಿಕ್ಕುತ್ತದೆ. ಕತ್ತಲಲ್ಲಿ ಬಾಗಿಲ ಬಳಿ ಕಂಡ ಆಕೃತಿ ಕಳ್ಳನದೋ, ನೀರು ಕುಡಿಯಲು ಎದ್ದ ಹೆಂಡತಿಯದೋ ಎಂದು ತೀರ್ಮಾನಿಸಲು ಕೋವಿ ಸಹಾಯ ಮಾಡುವುದಿಲ್ಲ. ಕ್ವಾರ್ಟರ್ಸ್ ಸಾಲಿನಂಥ ಒತ್ತೊತ್ತು ಮನೆಗಳಲ್ಲಿ ಕಿಟಕಿಯಾಚೆ ಇರುವುದು ಇನ್ನೊಬ್ಬರ ಮಂಚ. ಯಾವ ಕಂಪನಿಯ ಬಂದೂಕು ಕೊಂಡರೂ ಈ ಇಕ್ಕಟ್ಟು ಬಗೆಹರಿಯುವುದಿಲ್ಲ.

ಇನ್ನೊಂದು ಮಾತಿದೆ. ಹೇಳಲು ಭಾರವೆನಿಸಿದರೂ ಹೇಳಲೇಬೇಕು. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 2.6 ಕೋಟಿ ವಯಸ್ಕರ ಮಾಹಿತಿ ಇಟ್ಟುಕೊಂಡು ನಡೆದ ಅಧ್ಯಯನವೊಂದು 2020ರಲ್ಲಿ ಪ್ರಕಟವಾಯಿತು. ಪಿಸ್ತೂಲು, ರಿವಾಲ್ವರ್ ಇಟ್ಟುಕೊಂಡ ಗಂಡಸರು ತಮಗೇ ಗುಂಡು ಹೊಡೆದುಕೊಂಡು ಸತ್ತ ಪ್ರಮಾಣ, ಇಟ್ಟುಕೊಳ್ಳದವರಿಗಿಂತ ಸುಮಾರು 8 ಪಟ್ಟು ಹೆಚ್ಚು. ಹೆಂಗಸರಲ್ಲಿ 35 ಪಟ್ಟು. ದೇಶ ಬೇರೆ, ಬಂದೂಕಿನ ಜಾತಿ ಬೇರೆ, ಒಪ್ಪುತ್ತೇನೆ. ಆದರೆ ಸಾಲದ ಚಿಂತೆ, ಒಂಟಿತನ, ಹೇಳಿಕೊಳ್ಳಲಾಗದ ಕಾಯಿಲೆ ನಮ್ಮಲ್ಲೂ ಇವೆ. ಕಳ್ಳ ಬರುವ ರಾತ್ರಿ ಬದುಕಿನಲ್ಲಿ ಒಂದು ಬಂದರೆ, ಮನಸ್ಸು ಕುಸಿಯುವ ರಾತ್ರಿಗಳು ಎಷ್ಟೋ ಬರುತ್ತವೆ. ಕೋವಿ ಆ ಎಲ್ಲ ರಾತ್ರಿಗಳಲ್ಲೂ ಮನೆಯಲ್ಲೇ ಇರುತ್ತದೆ.

ಕಾನೂನು ಮನೆಯವರ ಕೈ ಕಟ್ಟಿಹಾಕಿಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆ, ಹೊತ್ತು ಮುಳುಗಿದ ಮೇಲೆ ಮನೆ ಮುರಿದು ನುಗ್ಗುವವನನ್ನು ತಡೆಯುವಾಗ ಅವನ ಪ್ರಾಣ ಹೋದರೂ ಅದನ್ನು ರಕ್ಷಣೆಯ ಹಕ್ಕಿನೊಳಗೇ ಇಡಬಲ್ಲದು. ಆದರೆ ತಡೆಯಲು ಎಷ್ಟು ಬೇಕೋ ಅದಕ್ಕಿಂತ ಹೆಚ್ಚು ಹಾನಿ ಮಾಡುವಂತಿಲ್ಲ ಎಂಬ ಮಿತಿಯನ್ನೂ ಜೊತೆಗೇ ಹಾಕಿದೆ. ಓಡಿಹೋಗುತ್ತಿರುವವನ ಬೆನ್ನಿಗೆ ಹೊಡೆದರೆ ಆ ಹಕ್ಕು ನಿಲ್ಲುವುದು ಕಷ್ಟ. ಅಷ್ಟನ್ನು ನಿದ್ದೆಗಣ್ಣಿನಲ್ಲಿ ತೂಗಿ ನೋಡುವವರು ಯಾರು?

ಆ ಹಿರಿಯರ ಜೊತೆ ಮಾತಾಡುತ್ತಾ ನನಗೆ ಹೊಳೆದದ್ದು ಬೇರೆಯೇ. ಅವರಿಗೆ ಮೊದಲು ಈ ಭಯ ಇರಲಿಲ್ಲ. 1923ರಲ್ಲಿ ಕಬ್ಬಿಣ ಉತ್ಪಾದನೆ ಶುರುಮಾಡಿದ ಉಕ್ಕಿನ ಕಾರ್ಖಾನೆ, 1936ರಲ್ಲಿ ಹುಟ್ಟಿದ ಕಾಗದದ ಕಾರ್ಖಾನೆ, ಎರಡೂ ಜೋರಾಗಿದ್ದ ಕಾಲದಲ್ಲಿ ಭದ್ರಾವತಿಯ ಬೀದಿಗಳಿಗೆ ರಾತ್ರಿಯೇ ಇರಲಿಲ್ಲ. ಒಂದು ಪಾಳಿ ಮುಗಿಸಿ ಬರುವವರು, ಇನ್ನೊಂದಕ್ಕೆ ಹೊರಟವರು, ಸೈಕಲ್ ಬೆಲ್ಲು, ಅವರಿಗಾಗಿ ತೆರೆದ ಚಹಾದಂಗಡಿ. ಕಾಗದದ ಕಾರ್ಖಾನೆ ನಿಂತುಹೋಯಿತು. ಉಕ್ಕಿನ ಕಾರ್ಖಾನೆಯನ್ನು ಮುಚ್ಚುವ ನಿರ್ಧಾರ 2023ರ ಜನವರಿಯಲ್ಲಿ ಹೊರಬಿದ್ದಾಗ ಊರೇ ಬೀದಿಗಿಳಿಯಿತು. ಪಾಳಿಗಳು ಕರಗಿದಂತೆ ರಾತ್ರಿ ಓಡಾಡುವ ಪರಿಚಯದ ಮುಖಗಳೂ ಕರಗಿದವು. ಶಿವಮೊಗ್ಗದ ಹೊಸ ಬಡಾವಣೆಗಳಲ್ಲಿ ಕಾರಣ ಬೇರೆ, ಪರಿಣಾಮ ಅದೇ: ಎದುರು ಮನೆಯವರ ಹೆಸರು ಗೊತ್ತಿಲ್ಲ. ಆ ಹಿರಿಯರು ಕಳೆದುಕೊಂಡಿರುವುದು ಆ ಎಚ್ಚರವಿದ್ದ ಬೀದಿಯನ್ನು, ಮತ್ತು ಅದು ಯಾವ ಬಂದೂಕಿನಂಗಡಿಯಲ್ಲೂ ಸಿಗುವುದಿಲ್ಲ ಎಂದು ನಾನು ನಂಬಿದ್ದೇನೆ.

ಕೋವಿಯಿಲ್ಲದೆಯೂ ಮನೆ ಕಾಯಬಹುದು ಎಂಬುದಕ್ಕೆ ಚುನಾವಣೆಯೇ ಸಾಕ್ಷಿ. 2024ರ ಲೋಕಸಭೆ ಚುನಾವಣೆ ಮಾರ್ಚ್ 16ಕ್ಕೆ ಘೋಷಣೆಯಾಯಿತು, ನಮ್ಮಲ್ಲಿ ಮತದಾನ ಮೇ 7ಕ್ಕೆ. ಇಂಥ ಹೊತ್ತಿನಲ್ಲಿ ಪರವಾನಗಿ ಇದ್ದವರು ಕೋವಿಯನ್ನು ಠಾಣೆಗೆ ಒಪ್ಪಿಸಿ ರಸೀದಿ ಹಿಡಿದು ಬರುವುದು ಮಲೆನಾಡಿನಲ್ಲಿ ರೂಢಿ. ಬೆಳೆ ಹಾಳಾಗುತ್ತದೆಂದು ರೈತರು ಗೊಣಗುತ್ತಾರೆ, ಅದರಲ್ಲಿ ನ್ಯಾಯವಿದೆ. ಆದರೆ ಕೋವಿ ಠಾಣೆಯಲ್ಲಿದ್ದ ಆ ವಾರಗಳಲ್ಲೂ ಮನೆಗಳನ್ನು ನೆರೆಹೊರೆ, ನಾಯಿ, ಅಗುಳಿಗಳು ಕಾದವು.

ಆ ಹಿರಿಯರಿಗೆ ನಾನು ಹೇಳಿದ್ದು ಇಷ್ಟು. ಹಿತ್ತಿಲ ಬಾಗಿಲಿಗೆ ಅಡ್ಡಪಟ್ಟಿ ಹಾಕಿಸಿ, ಹೊರಗೊಂದು ದೀಪ ಇರಲಿ, ಮಲಗುವ ಕೋಣೆಗೆ ಒಳಗಿನಿಂದ ಗಟ್ಟಿ ಚಿಲಕ ಇರಲಿ. ಸದ್ದಾದರೆ ಹೊರಗೆ ಹೋಗಬೇಡಿ, 112ಕ್ಕೆ ಫೋನ್ ಮಾಡಿ. ಊರಿಗೆ ಹೋಗುವಾಗ ಬೀಟ್ ಪೊಲೀಸರಿಗೂ ಪಕ್ಕದ ಮನೆಗೂ ತಿಳಿಸಿ. ಇಷ್ಟರ ಮೇಲೂ ಕೋವಿ ಬೇಕೇಬೇಕೆಂದರೆ ಜಿಲ್ಲಾಧಿಕಾರಿಗಳಿಗೆ ಅರ್ಜಿ ಹಾಕಿ. ಗುರಿ ಹಿಡಿಯುವುದನ್ನು ಮಾತ್ರ ಕಲಿತು ಬರಬೇಡಿ, ಖಾಲಿ ಮಾಡುವುದನ್ನೂ ಕಲಿಯಿರಿ. ತೋಟಾಗಳ ಕೀಲಿ ನಿಮ್ಮ ಮನೆಯವರ ಹತ್ತಿರ ಇರಲಿ. ಇಬ್ಬರಲ್ಲಿ ಯಾರೇ ಆಗಲಿ ನಾಲ್ಕು ದಿನ ಮಂಕಾಗಿ ಕೂತದ್ದು ಕಂಡರೆ, ಕಾರಣ ಕೇಳುವುದಕ್ಕೆ ಮೊದಲು ಕೋವಿಯನ್ನು ಠಾಣೆಗೋ ಪರವಾನಗಿ ಇರುವ ಅಂಗಡಿಗೋ ಒಪ್ಪಿಸಿ ಬನ್ನಿ.