ಆಳದ ವೇಗ

ಇನ್ನೊಬ್ಬರ ಮನಸ್ಸನ್ನು ಅರಿಯುವುದು ಒಳ್ಳೆಯ ಗುಣ ಎಂಬ ಮಾತನ್ನು ನಾವು ಯಾರೂ ಪರೀಕ್ಷಿಸಿ ನೋಡುವುದಿಲ್ಲ. ಅದು ಒಳ್ಳೆಯದೆಂದು ಮೊದಲೇ ತೀರ್ಮಾನವಾಗಿಹೋಗಿದೆ. ಕನ್ನಡ ಪಾಠ ಹೇಳಿ ಹೊಟ್ಟೆ ಹೊರೆಯುವ ನನ್ನಂಥವರಿಗಂತೂ ಅದು ಕಸುಬಿನ ಬಂಡವಾಳ. ಕಾವ್ಯವನ್ನು ಏಕೆ ಓದಬೇಕು ಎಂದು ಹುಡುಗರು ಕೇಳುತ್ತಾರೆ. ಕಂಪ್ಯೂಟರ್ ಕಲಿಯಲು ಬಂದವರನ್ನು ಹಳಗನ್ನಡದ ಮುಂದೆ ಕೂರಿಸಿದರೆ ಕೇಳದೆ ಬಿಟ್ಟಾರೆಯೆ? ಆಗ ನಾವು ಕೊಡಲು ಸಿದ್ಧವಾಗಿ ಇಟ್ಟುಕೊಂಡಿರುವ ಉತ್ತರ ಇದು: ಕಾವ್ಯ ನಮ್ಮನ್ನು ಇನ್ನೊಬ್ಬರ ಒಳಗೆ ಕರೆದುಕೊಂಡು ಹೋಗುತ್ತದೆ, ಒಳಹೊಕ್ಕು ನೋಡಿದವನು ನೋಯಿಸಲಾರ. ಅಭಿನವಗುಪ್ತನು ಸಹೃದಯನ ಲಕ್ಷಣ ಹೇಳುವಾಗ ತನ್ಮಯನಾಗುವ ಯೋಗ್ಯತೆಯನ್ನು ಮುಂದಿಟ್ಟ. ಅವನದು ರಸಾನುಭವದ ಮಾತು. ನಾವು ಅದನ್ನು ಸದ್ದಿಲ್ಲದೆ ನೀತಿಯ ಮಾತಾಗಿ ಮಾಡಿಕೊಂಡಿದ್ದೇವೆ.

ಈ ಉತ್ತರದ ಎದುರಿಗೆ ನಿಲ್ಲುವ ಉದಾಹರಣೆಯೊಂದು ನನಗೆ ಸಿಕ್ಕಿದ್ದು ಕಾವ್ಯದಲ್ಲಲ್ಲ, ಅಮೆರಿಕದ ಮಿಶಿಗನ್ ಸರೋವರದಲ್ಲಿ. ಅದನ್ನು ಸರೋವರ ಎನ್ನುವುದು ನಮ್ಮ ಕಿವಿಗೆ ವಿಚಿತ್ರ. ಅದರ ವಿಸ್ತೀರ್ಣ ಸುಮಾರು 58,000 ಚದರ ಕಿಲೋಮೀಟರು. ನಮ್ಮ ರಾಜ್ಯದ ಮೂರನೆಯ ಒಂದು ಪಾಲಿಗೆ ತುಸು ಕಡಿಮೆ. ಎಲ್ಲಕ್ಕಿಂತ ಆಳವಾದ ಕಡೆ 281 ಮೀಟರು. ನನ್ನ ಅಕ್ಕನ ಮಗ ಅದರ ಪಶ್ಚಿಮ ದಡದ ಮಿಲ್ವಾಕಿ ಪಟ್ಟಣದಲ್ಲಿ ಕೆಲಸದಲ್ಲಿದ್ದಾನೆ. ಬೇಸಗೆಯ ರಜದಲ್ಲಿ ಹೋಗಿದ್ದ ನನ್ನನ್ನು ಅವನೂ ಅವನ ಸ್ನೇಹಿತರೂ ಒಂದು ಬೆಳಗಿನ ಜಾವ ದೋಣಿಯಲ್ಲಿ ಕರೆದುಕೊಂಡು ಹೋದರು. ನಾನು ಮೀನು ತಿನ್ನುವವನಲ್ಲ. ತಿನ್ನದವನಿಗೆ ಹಿಡಿಯುವವನ ಮೇಲೆ ತೀರ್ಪು ಕೊಡುವ ಹಕ್ಕು ತಾನಾಗಿ ಬರುತ್ತದೆಂಬ ಭ್ರಮೆಯೂ ನನಗಿಲ್ಲ. ಹಾಲು ಮೊಸರು ತಿನ್ನುವವರ ಕೈ ಎಷ್ಟು ಶುದ್ಧವೆಂಬುದು ಕೊಟ್ಟಿಗೆ ಕಂಡವರಿಗೆ ಗೊತ್ತು.

ಅವರು ಮಾಡುವ ಕೆಲಸಕ್ಕೆ ಟ್ರೋಲಿಂಗ್ ಎಂದು ಹೆಸರು. ನಮ್ಮ ಮಲ್ಪೆ, ಮಂಗಳೂರಿನ ಕಡೆ ಯಂತ್ರದ ದೋಣಿಗಳು ಬಲೆ ಎಳೆಯುವ ಟ್ರಾಲಿಂಗ್ ಬೇರೆ, ಇದು ಬೇರೆ. ಇಲ್ಲಿ ಬಲೆಯಿಲ್ಲ. ದೋಣಿಯ ಹಿಂದೆ ಗಾಳದ ದಾರಗಳನ್ನು ಬಿಟ್ಟುಕೊಂಡು ಮೆಲ್ಲಗೆ ಸಾಗುವುದು, ಅಷ್ಟೆ. ದಾರದ ತುದಿಯಲ್ಲಿ ಹುಳುವೂ ಇಲ್ಲ. ಬಣ್ಣ ಬಳಿದ, ತೆಳುವಾದ, ಸ್ವಲ್ಪ ಬಾಗಿದ ಒಂದು ಲೋಹದ ತಗಡು; ಚಮಚದ ಹಾಗಿರುವುದರಿಂದ ಅದನ್ನು ಸ್ಪೂನ್ ಎಂದೇ ಕರೆಯುತ್ತಾರೆ. ಅದು ಅಂಗೈಯಲ್ಲಿದ್ದಾಗ ಬರೀ ತಗಡು. ನೀರಿನಲ್ಲಿ ಸರಿಯಾದ ವೇಗದಿಂದ ಎಳೆದಾಗ ಮಾತ್ರ ಎಡಕ್ಕೂ ಬಲಕ್ಕೂ ಹೊರಳಾಡುತ್ತ, ಗಾಯಗೊಂಡ ಸಣ್ಣ ಮೀನಿನಂತೆ ಮಿನುಗುತ್ತದೆ. ವೇಗ ಹೆಚ್ಚಾದರೆ ಗಿರಗಿರನೆ ತಿರುಗಿ ತನ್ನ ಸುಳ್ಳನ್ನು ತಾನೇ ಹೇಳಿಕೊಂಡುಬಿಡುತ್ತದೆ. ಕಡಮೆಯಾದರೆ ಸತ್ತಂತೆ ಜೋತುಬೀಳುತ್ತದೆ. ಜೀವ ಇರುವುದು ತಗಡಿನಲ್ಲಲ್ಲ, ವೇಗದಲ್ಲಿ.

ಅವರು ಹುಡುಕುವುದು ಚಿನೂಕ್ ಎಂಬ ಸಾಲ್ಮನ್ ಮೀನನ್ನು. ಅದು ಅಲ್ಲಿಯದಲ್ಲ. ಅಟ್ಲಾಂಟಿಕ್ ಕಡಲಿನ ಏಲ್‌ವೈಫ್ ಎಂಬ ಚಿಕ್ಕ ಮೀನು ಮನುಷ್ಯ ತೋಡಿದ ಕಾಲುವೆಗಳ ದಾರಿಯಲ್ಲಿ ಮೇಲಿನ ಸರೋವರಗಳಿಗೆ ನುಗ್ಗಿತು. ಮಿಶಿಗನ್ನಿನಲ್ಲಿ ಅದು ಕಂಡದ್ದು 1949ರಲ್ಲಿ. ಅದನ್ನು ತಿಂದು ಅಂಕೆಯಲ್ಲಿಡಬೇಕಾಗಿದ್ದ ಅಲ್ಲಿನ ದೊಡ್ಡ ಟ್ರೌಟ್ ಮೀನನ್ನು, ಕಡಲಿನಿಂದಲೇ ಬಂದ ಲ್ಯಾಂಪ್ರೇ ಎಂಬ ರಕ್ತ ಹೀರುವ ಜಂತು ಮುಗಿಸಿಹಾಕಿತ್ತು. 1967ರಲ್ಲಿ ಏಲ್‌ವೈಫ್ ಮೀನು ರಾಶಿರಾಶಿಯಾಗಿ ಸತ್ತು ದಡಕ್ಕೆ ಬಂದು ನಾರಿತು. ಅದಕ್ಕೆ ಒಂದು ವರ್ಷ ಮೊದಲೇ ಹೋವರ್ಡ್ ಟ್ಯಾನರ್ ಎಂಬ ಅಧಿಕಾರಿ ಪೆಸಿಫಿಕ್ ಕರಾವಳಿಯಿಂದ ತಂದ ಕೋಹೋ ಸಾಲ್ಮನ್ನಿನ ಮರಿಗಳನ್ನು ಬಿಡಿಸಿದ್ದ. ಹಿಂದೆಯೇ ಚಿನೂಕ್ ಬಂತು. ಹೀಗೆ ಬೇಟೆಯೂ ಪರದೇಶಿ, ಬೇಟೆಯ ಬೇಟೆಯೂ ಪರದೇಶಿ. ದೋಣಿಯಲ್ಲಿ ಕೂತಿದ್ದ ನಾವಿಬ್ಬರೂ ಹಾಗೆಯೇ ಎಂದು ಅಕ್ಕನ ಮಗ ನಕ್ಕ.

ಬೇಸಗೆಯಲ್ಲಿ ಸರೋವರದ ನೀರು ಪದರು ಪದರಾಗಿ ನಿಲ್ಲುತ್ತದೆ. ಮೇಲೆ ಬೆಚ್ಚಗಿನ ನೀರು. ಅದರ ಕೆಳಗೆ ಶಾಖ ಥಟ್ಟನೆ ಇಳಿಯುವ ಒಂದು ಪದರು. ಅದರ ಕೆಳಗೆ ಕೊರೆಯುವ ತಣ್ಣೀರು. ಚಿನೂಕಿಗೆ ಹಿತವಾದದ್ದು ಸುಮಾರು 12 ಡಿಗ್ರಿ ಸೆಲ್ಸಿಯಸ್. ಆ ತಂಪು ಕೆಲವು ದಿನ 60 ಅಡಿಯಲ್ಲಿದ್ದರೆ ಕೆಲವು ದಿನ 100 ಅಡಿಯಲ್ಲಿ. ಅಷ್ಟು ಆಳಕ್ಕೆ ತಗಡನ್ನು ಮುಟ್ಟಿಸಲು ಉಕ್ಕಿನ ತಂತಿಗೆ ಐದಾರು ಕಿಲೋ ತೂಕದ ಗುಂಡನ್ನು ಕಟ್ಟಿ ಇಳಿಬಿಟ್ಟು, ಗಾಳದ ದಾರವನ್ನು ಅದಕ್ಕೆ ಒಂದು ಚಿಮುಟಿಯಿಂದ ಸಿಕ್ಕಿಸುತ್ತಾರೆ. ಮೀನು ಕಚ್ಚಿದಾಗ ದಾರ ಚಿಮುಟಿಯಿಂದ ಬಿಡಿಸಿಕೊಳ್ಳುತ್ತದೆ.

ಇಲ್ಲಿಯವರೆಗೆ ಎಲ್ಲ ಸುಲಭ. ಕಷ್ಟವಿರುವುದು ವೇಗದಲ್ಲಿ. ದೋಣಿ ಗಂಟೆಗೆ 2.5 ಮೈಲಿ ಹೋಗುತ್ತಿದೆ ಎಂದು ಉಪಗ್ರಹದ ಲೆಕ್ಕ ಹೇಳುತ್ತದೆ. ಅದು ನೆಲಕ್ಕೆ ಹೋಲಿಸಿದ ವೇಗ. ಆದರೆ ಗಾಳಿ ಮೇಲಿನ ನೀರನ್ನು ಒಂದು ಕಡೆಗೆ ದೂಡಿದಾಗ ಕೆಳಗಿನ ನೀರು ಇನ್ನೊಂದು ಕಡೆಗೆ ಹರಿಯುತ್ತಿರಬಹುದು. 80 ಅಡಿಯ ಕೆಳಗೆ ಗಂಟೆಗೆ ಒಂದು ಮೈಲಿಯ ಪ್ರವಾಹ ಎದುರಾಗಿ ಬರುತ್ತಿದ್ದರೆ ತಗಡಿಗೆ ತಾಗುವ ನೀರಿನ ವೇಗ 3.5 ಮೈಲಿ, ಅದೇ ಪ್ರವಾಹ ಹಿಂದಿನಿಂದ ಬಂದರೆ 1.5. ಮೇಲಿನ ಗಡಿಯಾರ ಎರಡು ಸಲವೂ ಒಂದೇ ಅಂಕಿ ತೋರಿಸುತ್ತಿರುತ್ತದೆ. ಉತ್ತರಕ್ಕೆ ಹೋಗುವಾಗ ಒಂದರ ಮೇಲೊಂದು ಮೀನು ಸಿಕ್ಕಿ, ಅದೇ ದಾರಿಯಲ್ಲಿ ದಕ್ಷಿಣಕ್ಕೆ ಬರುವಾಗ ಒಂದೂ ಸಿಗದೆಹೋಗುವ ರಹಸ್ಯ ಇದೇ. ಬಲ್ಲವರು ತಂತಿ ಹಿಂದಕ್ಕೆ ಎಷ್ಟು ವಾಲಿದೆಯೆಂದು ನೋಡಿ ಅಂದಾಜು ಮಾಡುತ್ತಾರೆ. ಈಗ ಗುಂಡಿನ ಬಳಿಯೇ ಕಟ್ಟುವ ಒಂದು ಉಪಕರಣವೂ ಬಂದಿದೆ. ಆಳದ ಶಾಖವನ್ನೂ ಆಳದ ವೇಗವನ್ನೂ ಅದು ಮೇಲಕ್ಕೆ ತಿಳಿಸುತ್ತದೆ.

ಇವೆಲ್ಲಕ್ಕಿಂತ ನನ್ನನ್ನು ಸೆರೆಹಿಡಿದದ್ದು ಹಳೆಯ ಉಪಾಯವೊಂದು. ದೋಣಿಯನ್ನು ಮೆಲ್ಲಗೆ ಎಡಕ್ಕೆ ತಿರುಗಿಸುತ್ತಾರೆ. ಆಗ ತಿರುವಿನ ಒಳಮಗ್ಗುಲಿನ ದಾರಗಳು ನಿಧಾನವಾಗುತ್ತವೆ, ಹೊರಮಗ್ಗುಲಿನವು ಚುರುಕಾಗುತ್ತವೆ. ಒಳಗಿನ ದಾರಕ್ಕೆ ಮೀನು ಕಚ್ಚಿದರೆ ದೋಣಿಯ ವೇಗ ಹೆಚ್ಚಾಗಿತ್ತೆಂದು ಅರ್ಥ. ಹೊರಗಿನದಕ್ಕೆ ಕಚ್ಚಿದರೆ ಕಡಮೆಯಾಗಿತ್ತೆಂದು. ಅಂದರೆ ಮೀನನ್ನೇ ಕೇಳುವುದು. ಕಣ್ಣಿಗೆ ಕಾಣದ ಒಂದು ಪ್ರಾಣಿಗೆ ಪ್ರಶ್ನೆ ಹಾಕಿ, ಅದರ ಇಷ್ಟವೇನೆಂದು ತಿಳಿದು, ಅದಕ್ಕೆ ತಕ್ಕಂತೆ ತಾನು ಬದಲಾಗುವುದು. ಇದಕ್ಕಿಂತ ಹೆಚ್ಚಿನ ತನ್ಮಯತೆಯನ್ನು ನಾವು ತರಗತಿಯಲ್ಲಿ ಯಾರಿಗೆ ಕಲಿಸಿದ್ದೇವೆ? ಆ ದೋಣಿಯ ಚುಕ್ಕಾಣಿ ಹಿಡಿದಿದ್ದ ಮುದುಕರು ಐದು ಗಂಟೆಗಳ ಕಾಲ ತಮ್ಮನ್ನು ಮರೆತು ಮೀನೇ ಆಗಿದ್ದರು. ಒಂದೇ ತೊಡಕು: ಅವರ ಪ್ರಶ್ನೆಗೆ ಮೀನು ಕೊಡಬಹುದಾದ ಉತ್ತರ ಅದರ ಸಾವು.

ನಮ್ಮ ಕಾವ್ಯಗಳಲ್ಲಿ ಇದಕ್ಕೆ ಸಾಕ್ಷಿ ಇಲ್ಲವೆಂದಲ್ಲ. ಧರ್ಮರಾಯನಿಗೆ ಜೂಜೆಂದರೆ ಆಸೆ, ಆಡುವುದು ಬಾರದು, ಕರೆದರೆ ಬಾರದಿರಲಾರ. ಈ ಮೂರನ್ನೂ ಕೂಡಿಸಿ ಅವನನ್ನು ಅರಿತವನು ಶಕುನಿ. ಭೀಮಾರ್ಜುನರಿಗೆ ಅಣ್ಣನ ಮೇಲೆ ಪ್ರೀತಿಯಿತ್ತು, ಭಕ್ತಿಯಿತ್ತು. ಈ ಅರಿವು ಇರಲಿಲ್ಲ. ಷೇಕ್ಸ್‌ಪಿಯರನ ಇಯಾಗೊ ಒಥೆಲೊನನ್ನು ಬಲ್ಲಷ್ಟು ಡೆಸ್ಡಿಮೋನ ಬಲ್ಲಳೆ? ಇವರನ್ನು ಖಳರೆಂದು ಕರೆದು ನಾವು ಮುಂದಿನ ಪದ್ಯಕ್ಕೆ ಹೋಗುತ್ತೇವೆ. ಅವರೂ ಒಂದು ಬಗೆಯ ಸಹೃದಯರೇ ಎಂಬುದನ್ನು ಹುಡುಗರಿಗೆ ಹೇಳುವುದಿಲ್ಲ.

ಉದ್ದೇಶ ಒಳ್ಳೆಯದಾದರೆ ಅರಿವು ಒಳ್ಳೆಯದು, ಕೆಟ್ಟದಾದರೆ ಕೆಟ್ಟದ್ದು ಎಂದು ಬಗೆಹರಿಸಿಬಿಡಬಹುದಲ್ಲ ಎಂದು ನನ್ನ ಸಹೋದ್ಯೋಗಿ ತರ್ಕಶಾಸ್ತ್ರದ ಮೇಷ್ಟರು ಹೇಳುತ್ತಾರೆ. ಚಾಕು ಹಣ್ಣನ್ನೂ ಹೆಚ್ಚುತ್ತದೆ, ಕತ್ತನ್ನೂ ಕೊಯ್ಯುತ್ತದೆ ಎಂಬ ಹಳೆಯ ದೃಷ್ಟಾಂತ. ಇದು ನನಗೆ ಸಾಲದು. ಏಕೆಂದರೆ ಗಾಳ ಹಾಕುವವರ ಉದ್ದೇಶವನ್ನೇ ಕೆಟ್ಟದ್ದೆನ್ನಲು ನನಗೆ ಬಾಯಿ ಬಾರದು. ಸಾಲ್ಮನ್ ಹಿಡಿಯಬೇಕಾದರೆ ವಿಸ್ಕಾನ್ಸಿನ್ ರಾಜ್ಯದಲ್ಲಿ ಪ್ರತ್ಯೇಕ ಶುಲ್ಕ ತೆರಬೇಕು. ಮರಿ ಬಿಡುವ ಖರ್ಚಿಗೆ ಆ ಹಣ ಹೋಗುತ್ತದೆ. ಮೀನನ್ನು ಕಂಡು ಅಯ್ಯೋ ಪಾಪ ಎನ್ನುವ ನಾನು ಅದಕ್ಕಾಗಿ ಒಂದು ಕಾಸೂ ಬಿಚ್ಚಿದವನಲ್ಲ. ಪಕ್ಕದ ಹ್ಯೂರನ್ ಸರೋವರದಲ್ಲಿ 2003-04ರ ಸುಮಾರಿಗೆ ಏಲ್‌ವೈಫ್ ಕುಸಿದು ಚಿನೂಕ್ ಹಸಿದು ಕ್ಷೀಣಿಸಿದ ಕತೆಯನ್ನು ಆ ಮುದುಕರು ಹೇಳಿದ ರೀತಿ, ತಮ್ಮ ಮನೆಯಲ್ಲಿ ನಡೆದ ಸಾವಿನ ಸುದ್ದಿ ಹೇಳುವ ರೀತಿಯಲ್ಲಿತ್ತು.

ಹಾಗಾದರೆ ಗೆರೆ ಎಲ್ಲಿದೆ? ನನಗೆ ಅದರ ಸುಳಿವು ಸಿಕ್ಕಿದ್ದು ಅಕ್ಕನ ಮಗನ ಒಂದು ಮಾತಿನಲ್ಲಿ. ಎರಡು ಗಂಟೆ ಏನೂ ಸಿಕ್ಕಿರಲಿಲ್ಲ. "ಮೀನಿಗೆ ಇವತ್ತು ಬೇಡವೋ ಏನೋ, ಬಿಡಪ್ಪ" ಎಂದೆ. ಅವನು ಯಂತ್ರದ ವೇಗವನ್ನು ಕೂದಲೆಳೆಯಷ್ಟು ತಗ್ಗಿಸುತ್ತ, "ಬೇಡ ಅನ್ನೋ ಮೀನು ಇಲ್ಲ ಮಾವ, ನಮ್ಮ ವೇಗ ಸರಿಯಿಲ್ಲ ಅಷ್ಟೆ. ನೋಡ್ತಾ ಇರಿ" ಎಂದ. ಸ್ವಲ್ಪ ಹೊತ್ತಿಗೆ ಎಡಗಡೆಯ ಕೋಲು ಬಾಗಿ ಚಿಮ್ಮಿತು.

ಗಾಳದವನಿಗೆ 'ಬೇಡ' ಎಂಬುದು ಉತ್ತರವಲ್ಲ, ಒಂದು ಸೂಚನೆ. ಬಣ್ಣ ಬದಲಿಸು, ಹತ್ತು ಅಡಿ ಇಳಿಸು, ವೇಗ ತಗ್ಗಿಸು ಎಂದು ಅದು ಹೇಳುತ್ತದೆ. ನಿಲ್ಲಿಸು ಎಂದು ಎಂದೂ ಹೇಳುವುದಿಲ್ಲ. ಶರದೃತುವಿನಲ್ಲಿ ಮೊಟ್ಟೆಯಿಡಲು ಹೊಳೆಯನ್ನೇರುವ ಚಿನೂಕ್ ಆಹಾರವನ್ನೇ ಬಿಟ್ಟಿರುತ್ತದೆ. ಒಂದೇ ಸಲ ಸಂತಾನವನ್ನು ಬಿಟ್ಟು ಸಾಯುವ ಜಾತಿ ಅದು. ಹಸಿವೆಯಿಲ್ಲದ ಆ ಮೀನು ಕೂಡ ತಗಡನ್ನು ಕಚ್ಚುತ್ತದೆ, ಕಚ್ಚಿಸಬಲ್ಲವನು ಎಳೆದರೆ. ಮೀನಿನ ವಿಷಯದಲ್ಲಿ ಇದನ್ನು ಬೇಟೆಯೆಂದು ಒಪ್ಪಿಕೊಳ್ಳೋಣ. ಅಲ್ಲಿ ಯಾರೂ ಇದನ್ನು ಬೇರೆ ಹೆಸರಿನಿಂದ ಕರೆಯುವುದಿಲ್ಲ. ಮನುಷ್ಯರ ನಡುವೆ ಇದಕ್ಕೆ ಬೇರೆ ಹೆಸರುಗಳಿವೆ.

ನನಗೆ ಚೆನ್ನಾಗಿ ಗೊತ್ತಿರುವ ಒಂದು ಮನೆಯ ವಿಚಾರ. ಮಗಳು ನನ್ನ ವಿದ್ಯಾರ್ಥಿನಿ, ಎಂ.ಎ. ಮುಗಿಸಿ ಸಂಶೋಧನೆಗೆ ಸೇರಬೇಕೆಂದಿದ್ದಳು. ಒಳ್ಳೆಯ ಸಂಬಂಧವೊಂದು ಬಂತು. ಅವಳು ಬೇಡವೆಂದಳು. ತಂದೆ ಸಿಡುಕುವವರಲ್ಲ, ಕೈಯೆತ್ತುವವರಂತೂ ಅಲ್ಲ. "ಆಗಲಮ್ಮ" ಎಂದು ಸುಮ್ಮನಾದರು. ತಿಂಗಳು ಕಳೆದು, ಹುಡುಗನೂ ಓದಿನಲ್ಲಿ ಆಸಕ್ತಿಯುಳ್ಳವನೆಂಬ ಮಾತನ್ನು ಊಟದ ಹೊತ್ತಿನಲ್ಲಿ ತೇಲಿಬಿಟ್ಟರು. ಬೇಡವೆಂದಳು. ಮತ್ತೆ ಸುಮ್ಮನಾದರು. ಅವಳಿಗೆ ಅಜ್ಜಿಯ ಮೇಲೆ ಜೀವ; ಅಜ್ಜಿಗೆ ಕಾಯಿಲೆಯಾದಾಗ ಏನೂ ಹೇಳದೆ, ಅಜ್ಜಿಯ ಕೋಣೆಯಲ್ಲೇ ಅವಳ ಹಾಸಿಗೆ ಹಾಸಿಸಿದರು. ಎಲ್ಲಿ ಬಿಗಿಯಬೇಕು, ಎಲ್ಲಿ ಸಡಿಲಬಿಡಬೇಕು ಎಂಬುದು ಅವರಿಗೆ ಅಂಗೈ ಗೆರೆಯಷ್ಟು ಸ್ಪಷ್ಟ. ಏಳನೆಯ ತಿಂಗಳು ಅವಳೇ ಬಂದು ಆಗಲಿ ಎಂದಳು. ಬಲವಂತವೆಂಬ ಶಬ್ದ ಆ ಮನೆಯಲ್ಲಿ ಯಾರ ಬಾಯಲ್ಲೂ ಬರಲಿಲ್ಲ. ಎಷ್ಟು ತಿಳಿವಳಿಕೆಯ ತಂದೆ ಎಂದು ಬಂಧುಗಳು ಕೊಂಡಾಡಿದರು; ಮದುವೆಗೆ ಹೋಗಿದ್ದ ನಾನೂ ಹೋಳಿಗೆ ತಿಂದು ಬಂದೆ.

ಅವರನ್ನು ಶಕುನಿಯ ಸಾಲಿಗೆ ಸೇರಿಸುವುದು ಅನ್ಯಾಯ. ಮಗಳ ಒಳಿತನ್ನಲ್ಲದೆ ಬೇರೇನನ್ನೂ ಅವರು ಬಯಸಿದವರಲ್ಲ, ಮತ್ತು ಹುಡುಗ ನಿಜವಾಗಿ ಒಳ್ಳೆಯವನು. ತರ್ಕಶಾಸ್ತ್ರದ ಮೇಷ್ಟರ ಅಳತೆಗೋಲಿನಲ್ಲಿ ಇಲ್ಲಿ ದೋಷವೇ ಇಲ್ಲ. ಆದರೂ ನನಗೆ ಒಂದು ಮುಳ್ಳು ಉಳಿದಿದೆ. ಗದರಿಸುವ ತಂದೆಯ ಮುಂದೆ ಮಗಳು ಅಳಬಹುದು, ಊಟ ಬಿಡಬಹುದು, ಮನೆ ಬಿಟ್ಟು ಹೋಗಬಹುದು. ಅವಳ 'ಬೇಡ' ಅಲ್ಲಿ 'ಬೇಡ'ವಾಗಿಯೇ ನಿಲ್ಲುತ್ತದೆ, ಸೋತರೂ ಸೋತದ್ದು ಅದೇ. ಅರಿತ ತಂದೆಯ ಮುಂದೆ ಅವಳ 'ಬೇಡ'ಕ್ಕೆ ಕಾಲೂರಲು ಜಾಗವೇ ಇಲ್ಲ. ಪ್ರತಿ ಸಲವೂ ಅದನ್ನು ಆತ ಕಿವಿಗೊಟ್ಟು ಕೇಳುತ್ತಾನೆ, ಕೇಳಿದ್ದರಿಂದಲೇ ಮುಂದಿನ ಸಲ ಇನ್ನಷ್ಟು ಸರಿಯಾಗಿ ಬರುತ್ತಾನೆ.

ಅವಳು ಈಗ ಪುಣೆಯಲ್ಲಿದ್ದಾಳೆ. ಸಂಶೋಧನೆಯ ವಿಷಯ ನಿಂತುಹೋಯಿತು, ಎರಡು ಮಕ್ಕಳು. ಕಳೆದ ದೀಪಾವಳಿಗೆ ತವರಿಗೆ ಬಂದವಳು ನಮ್ಮ ಮನೆಗೂ ಬಂದಿದ್ದಳು. ಮುಖದಲ್ಲಿ ಕಳೆಯಿತ್ತು, ಮಾತಿನಲ್ಲಿ ಬೇಸರವಿರಲಿಲ್ಲ. ತಂದೆಯ ಆರೋಗ್ಯ ವಿಚಾರಿಸಿದೆ. ಹೇಳಿ, ಕಾಫಿಯ ಲೋಟ ಕೆಳಗಿಡುತ್ತ ಅಂದಳು: "ನಮ್ಮಪ್ಪನಷ್ಟು ನನ್ನನ್ನ ಅರ್ಥಮಾಡಿಕೊಂಡವರು ಇನ್ನೊಬ್ಬರಿಲ್ಲ ಸಾರ್."

ಯಾವ ಧ್ವನಿಯಲ್ಲಿ ಅಂದಳೆಂದು ನನ್ನ ಹೆಂಡತಿಯನ್ನು ಆಮೇಲೆ ಕೇಳಿದೆ. ಅವಳಿಗೂ ತಿಳಿದಿರಲಿಲ್ಲ.