ಇಂದಿನ ಧಮ್ಮ ಚಿಂತನೆ: ತಪಸ್ಸಿಗೆ ನಿಂತ ಬೆಕ್ಕು



ಕಳೆದ ತಿಂಗಳು ಮಹಾಬಲಿಪುರಂಗೆ ಹೋಗಿದ್ದೆ. ಅಲ್ಲಿ 7ನೇ ಶತಮಾನದ ಪಲ್ಲವ ಶಿಲ್ಪಿಗಳು ದೊಡ್ಡ ಬಂಡೆಯಲ್ಲಿ ಒಂದು ಬೆಕ್ಕನ್ನೂ ಕೆತ್ತಿದ್ದಾರೆ. ಮುಂಗಾಲೆರಡನ್ನೂ ಮೇಲೆತ್ತಿ ತಪಸ್ಸಿಗೆ ನಿಂತಿದೆ. ಸುತ್ತ ಇಲಿಗಳು! ಮಗಳು ನಕ್ಕಳು. ನನಗೆ ಬಿಳಾರ ಜಾತಕ ನೆನಪಾಯಿತು. ಅದರಲ್ಲಿ ನರಿಯೊಂದು ತಪಸ್ವಿಯಂತೆ ನಿಂತು, ನಂಬಿ ಬಂದ ಇಲಿಗಳನ್ನೇ ತಿನ್ನುತ್ತದೆ.

ನನಗೆ ನಗು ಬರಲಿಲ್ಲ. ಭಾನುವಾರ ಬಿಳಿ ಬಟ್ಟೆ ತೊಟ್ಟು ಪಂಚಶೀಲ ಹೇಳುವ ನಾನೇ, ಮೋರಿ ಸ್ವಚ್ಛ ಮಾಡಲು ಬಂದ ಅಣ್ಣನಿಗೆ ಬೇರೆ ಲೋಟದಲ್ಲಿ ನೀರು ಕೊಟ್ಟಿದ್ದೆ. 1956ರಲ್ಲಿ ಬಾಬಾಸಾಹೇಬರು ಕೊಟ್ಟ 22 ಪ್ರತಿಜ್ಞೆಗಳಲ್ಲಿ ಮನುಷ್ಯರೆಲ್ಲ ಸಮಾನರೆಂಬುದೂ ಒಂದು. ಅದು ನನ್ನ ಬಾಯಲ್ಲಿತ್ತು, ಕೈಯಲ್ಲಿರಲಿಲ್ಲ.

ಆ ಅಣ್ಣ ಮತ್ತೆ ಬಂದಾಗ ಮನೆಯ ಲೋಟದಲ್ಲೇ ಚಹಾ ಕೊಟ್ಟು, ಪಕ್ಕದಲ್ಲಿ ಕೂತು ನಾನೂ ಕುಡಿದೆ.

ಇಂದು ನಮ್ಮ ನಮ್ಮ ಮನೆಯ ಲೋಟಗಳನ್ನು ನೋಡಿಕೊಳ್ಳೋಣ.

ಸಾಧು, ಸಾಧು, ಸಾಧು.