ಮಕ್ಕಳಿರುವ ಮನೆಯ ಅಲಂಕಾರ

॥ ಶ್ರೀ ಗುರುಭ್ಯೋ ನಮಃ ॥ ಹರಿಃ ಓಂ ॥



ಆಷಾಢವು ಕಳೆದು ಶ್ರಾವಣವು ಸಮೀಪಿಸಿತೆಂದರೆ ನಮ್ಮ ರೋಣ ಸೀಮೆಯ ಅಬ್ಬಿಗೇರಿಯಂತಹ ಗ್ರಾಮಗಳಲ್ಲಿ ಮನೆಮನೆಯಲ್ಲಿಯೂ ಸಾರಣೆ-ಕಾರಣೆಯ ಸಂಭ್ರಮವು ಮೊದಲಾಗುತ್ತದೆ. ಗೋಡೆಗೆ ಸುಣ್ಣ, ಹೊಸ್ತಿಲಿಗೆ ಅರಿಸಿನ-ಕುಂಕುಮ, ತಲೆಬಾಗಿಲಿಗೆ ಮಾವಿನ ತಳಿರಿನ ತೋರಣ, ತುಳಸೀ ವೃಂದಾವನದ ಮುಂದೆ ರಂಗವಲ್ಲಿ. ನಾಗಪಂಚಮಿಯಿಂದ ಹಿಡಿದು ಕೃಷ್ಣಾಷ್ಟಮಿ, ಗಣೇಶ ಚತುರ್ಥಿ, ನವರಾತ್ರಿ, ದೀಪಾವಳಿಗಳನ್ನು ದಾಟಿ ಉತ್ಥಾನ ದ್ವಾದಶಿಯ ತುಳಸೀವಿವಾಹದವರೆಗೆ ಗೃಹಿಣಿಯರ ಕೈಗಳಿಗೆ ಬಿಡುವೆಂಬುದೇ ಇರುವುದಿಲ್ಲ.

ಆದರೆ ಈ ಸಂಭ್ರಮದ ನಡುವೆ ಇನ್ನೊಂದು ಧ್ವನಿಯೂ ನಮ್ಮ ಕಿವಿಗೆ ಬೀಳುತ್ತದೆ. "ಮುಟ್ಟಬ್ಯಾಡ!", "ರಂಗೋಲಿ ತುಳಿಬ್ಯಾಡ!", "ಆಕಡೆ ಹೋಗಿ ಕೂಡು!" ಎಂಬ ಗದರಿಕೆಗಳು, ಅವುಗಳ ಬೆನ್ನಿಗೇ, ಹಬ್ಬದ ದಿನವೇ ಪೆಟ್ಟು ತಿಂದ ಮಗುವಿನ ಅಳು. "ಸಣ್ಣ ಮಕ್ಕಳನ್ನು ಕಟ್ಟಿಕೊಂಡು ಮನೆಯನ್ನು ಶೃಂಗರಿಸುವುದು ಹೇಗೆ? ನಾವು ಒಂದು ಕಡೆ ಹಾಕುತ್ತ ಬಂದರೆ ಕೂಸು ಇನ್ನೊಂದು ಕಡೆ ಅಳಿಸುತ್ತ ಬರುತ್ತದೆ" ಎಂದು ಅನೇಕ ತಾಯಂದಿರು ನಮ್ಮೆದುರು ಹೇಳಿಕೊಂಡದ್ದುಂಟು. ಇದು ಕೇಳುವುದಕ್ಕೆ ಅಲ್ಪವಾದ ಪ್ರಶ್ನೆಯೆಂದು ತೋರಬಹುದು. ಅಲ್ಪವಲ್ಲ. ಹಬ್ಬವೆಂದರೆ ಬೈಗುಳ ತಿನ್ನುವ ದಿನವೆಂಬ ಸಂಸ್ಕಾರವು ಎಳೆಯ ಮನಸ್ಸಿನಲ್ಲಿ ಒಮ್ಮೆ ನೆಲೆಗೊಂಡರೆ, ಆ ಮಗುವು ಪ್ರಾಯಕ್ಕೆ ಬಂದಾಗ ದೇವರ ಮನೆಯ ಹೊಸ್ತಿಲನ್ನು ದಾಟಲು ಹಿಂಜರಿಯುತ್ತದೆ. ಆಗ ನಾವು ಕಾಲವನ್ನು ದೂರಿ ಫಲವಿಲ್ಲ. ಆದುದರಿಂದ ಈ ವಿಷಯವನ್ನು ಸ್ವಲ್ಪ ವಿಚಾರಿಸೋಣ.

ಮೊದಲಿಗೆ, ಮನೆಯನ್ನು ಅಲಂಕರಿಸುವುದು ಯಾರಿಗಾಗಿ ಎಂಬುದನ್ನು ನಿಶ್ಚಯಿಸಿಕೊಳ್ಳಬೇಕು. ಶ್ರೀಮದ್ಭಾಗವತದ ಏಕಾದಶ ಸ್ಕಂಧದ ಹನ್ನೊಂದನೆಯ ಅಧ್ಯಾಯದಲ್ಲಿ ಶ್ರೀಕೃಷ್ಣನು ಉದ್ಧವನಿಗೆ ಭಕ್ತಿಯ ಲಕ್ಷಣಗಳನ್ನು ಉಪದೇಶಿಸುತ್ತಾನೆ. ಅಲ್ಲಿ ಗುಡಿಸುವುದು, ಸಾರಿಸುವುದು, ನೀರು ಚಿಮುಕಿಸುವುದು, ಮಂಡಲಗಳನ್ನು ಬರೆಯುವುದು, ಇವೆಲ್ಲವೂ ಸೇರಿವೆ. ತನ್ನ ಮನೆಯ ಈ ಶುಶ್ರೂಷೆಯನ್ನು ದಾಸನಂತೆ, ಕಪಟವಿಲ್ಲದೆ ಮಾಡಬೇಕೆಂದು ಭಗವಂತನು ಹೇಳುತ್ತಾನೆ. ಅದರ ಮುಂದಿನ ಶ್ಲೋಕದಲ್ಲಿಯೇ ಅಭಿಮಾನವಿರಬಾರದು, ಡಂಭವಿರಬಾರದು, ಮಾಡಿದ್ದನ್ನು ಹೇಳಿಕೊಂಡು ತಿರುಗಬಾರದು ಎಂಬ ವಿಧಿಯೂ ಬಂದಿದೆ. ನವಮ ಸ್ಕಂಧದಲ್ಲಿ ಅಂಬರೀಷ ಮಹಾರಾಜನು ತನ್ನ ಎರಡು ಕೈಗಳನ್ನು ಹರಿಮಂದಿರವನ್ನು ಶುಚಿಗೊಳಿಸುವ ಕಾರ್ಯದಲ್ಲಿ ತೊಡಗಿಸಿದ್ದನೆಂದು ವರ್ಣಿತವಾಗಿದೆ. ಚಕ್ರವರ್ತಿಗೇ ಹೀನವೆನಿಸದ ಪೊರಕೆಯು ನಮ್ಮ ಗಂಡುಮಕ್ಕಳಿಗೆ ಹೀನವಾಗಲು ಕಾರಣವಿಲ್ಲ. ಸಾರಿಸುವುದು, ರಂಗವಲ್ಲಿ ಹಾಕುವುದು ಹೆಂಗಸರ ಕೆಲಸವೆಂದು ಮಗನನ್ನು ದೂರವಿಡುವ ತಂದೆಯು ಅಂಬರೀಷನ ಕಥೆಯನ್ನು ಇನ್ನೊಮ್ಮೆ ಓದತಕ್ಕದ್ದು.

ಹೀಗೆ ಅಲಂಕಾರವು ಹರಿಸೇವೆಯೆಂದು ಒಪ್ಪಿದೆವಾದರೆ, ನೆರೆಯವರು ಮೆಚ್ಚಲಿ ಎಂಬ ಆಸೆಯು ತಾನಾಗಿಯೇ ಹಿಂದೆ ಸರಿಯುತ್ತದೆ. ಎಳೆಯು ಸೊಟ್ಟಗಾದ ರಂಗವಲ್ಲಿಯಿಂದ ಭಗವಂತನಿಗೆ ಅಪ್ರೀತಿಯಾಗುವುದಿಲ್ಲ. ನೋಡುವವರೆದುರು ನಮಗೆ ನಾಚಿಕೆಯಾಗುತ್ತದೆ, ಅಷ್ಟೆ. ಆ ನಾಚಿಕೆಗಾಗಿ ಮಗುವಿಗೆ ಪೆಟ್ಟು ಬಿದ್ದರೆ ಅದು ಯಾವ ದೇವರ ಸೇವೆ?

ಎರಡನೆಯದಾಗಿ ಇನ್ನೊಂದು ಸೂಕ್ಷ್ಮವನ್ನು ಗಮನಿಸಬೇಕು. ನಮ್ಮ ಹಿರಿಯರು ಮನೆಗಾಗಿ ಆಯ್ದುಕೊಂಡ ಅಲಂಕಾರಗಳೆಲ್ಲ ಬಹುಕಾಲ ನಿಲ್ಲದಂಥವು. ಗದುಗಿನ ಸಮೀಪದ ಲಕ್ಕುಂಡಿಯಲ್ಲಿ ಕಾಶೀವಿಶ್ವೇಶ್ವರ ದೇವಾಲಯದ ದ್ವಾರಬಂಧಗಳನ್ನು ನೋಡಿದವರು ನಮ್ಮ ಸೀಮೆಯ ಶಿಲ್ಪಿಗಳು ಬಾಗಿಲನ್ನು ಎಷ್ಟು ಸೂಕ್ಷ್ಮವಾಗಿ ಸಿಂಗರಿಸಬಲ್ಲವರಾಗಿದ್ದರೆಂಬುದನ್ನು ಬಲ್ಲರು. ದೇವಾಲಯದ ಬಾಗಿಲು ಶತಮಾನಗಳ ಕಾಲ ನಿಲ್ಲಲೆಂದು ಕಲ್ಲಿನಲ್ಲಿ ಕೆತ್ತಿದರು. ಮನೆಯ ಬಾಗಿಲಿಗಾದರೋ ತಳಿರಿನ ತೋರಣ. ಅದು ಎರಡು ದಿನಕ್ಕೆ ಒಣಗುತ್ತದೆ. ಅಂಗಳಕ್ಕೆ ಹಿಟ್ಟಿನ ರಂಗವಲ್ಲಿ. ಅದು ಮಧ್ಯಾಹ್ನದೊಳಗೆ ಓಡಾಡುವವರ ಕಾಲಿಗೆ, ಇರುವೆಯ ಬಾಯಿಗೆ ಸಲ್ಲುತ್ತದೆ. ಅಕ್ಕಿಹಿಟ್ಟಿನಿಂದ ಬರೆದುದಾದರೆ ಪಂಚಮಹಾಯಜ್ಞಗಳಲ್ಲಿ ಒಂದಾದ ಭೂತಯಜ್ಞದ ಒಂದಂಶವೂ ಅದರಿಂದ ನೆರವೇರಿದಂತಾಯಿತು. ಗರ್ಭಗುಡಿಯಲ್ಲಿಯೂ ಕ್ರಮವು ಇದೇ. ನಿನ್ನೆಯ ಹೂವು ಎಷ್ಟೇ ಚೆಲುವಾಗಿದ್ದರೂ ಇಂದು ಪ್ರಾತಃಕಾಲದಲ್ಲಿ ಅದು ನಿರ್ಮಾಲ್ಯ. ಅದನ್ನು ತೆಗೆದು, ದೇವರಿಗೆ ಅಭಿಷೇಕ ಮಾಡಿ, ಮತ್ತೆ ಹೊಸದಾಗಿ ಅಲಂಕರಿಸುತ್ತೇವೆ. ದಿನದಿನವೂ ಮತ್ತೆ ಮಾಡಬೇಕಾಗುವುದರಿಂದಲೇ ಅದು ನಿತ್ಯಸೇವೆ.

ಅಬ್ಬಿಗೇರಿಯ ಎರೆಭೂಮಿಯ ನಡುವಿನ ಹಳೆಯ ಮಣ್ಣಿನ ಮಾಳಿಗೆಯ ಮನೆಗಳನ್ನು ನೆನೆಯಿರಿ. ಸಗಣಿಯಿಂದ ಸಾರಿಸಿದ ನೆಲ. ಸುಣ್ಣ ಬಳಿದ ಗೋಡೆ. ಗೋಡೆಯ ಬುಡಕ್ಕೆ ಮೊಳದಷ್ಟು ಎತ್ತರದವರೆಗೆ ಕೆಮ್ಮಣ್ಣಿನ ಪಟ್ಟಿ. ಮಳೆಯ ನೀರು ಸಿಡಿಯುವುದು ಆ ಪಟ್ಟಿಗೆ. ಅಂಬೆಗಾಲಿಡುವ ಕೂಸು ಎಣ್ಣೆಗೈಯನ್ನು ಊರಿ ಎದ್ದು ನಿಲ್ಲುವುದೂ ಅದೇ ಪಟ್ಟಿಗೆ. ಹಬ್ಬ ಬಂದಾಗ ಒಂದು ಹಿಡಿ ಮಣ್ಣನ್ನು ಕಲಸಿ ಬಳಿದರೆ ಗೋಡೆ ಮತ್ತೆ ಹೊಸದು. ಮಗುವಿನ ಮೇಲೆ ಸಿಟ್ಟಿಗೇಳುವ ಪ್ರಸಂಗವೇ ಅಲ್ಲಿ ಇರಲಿಲ್ಲ. ಇಂದು ಅದೇ ಸ್ಥಳದಲ್ಲಿ ಸಿಮೆಂಟಿನ ಮನೆಗಳೆದ್ದಿವೆ. ಅದು ಸಂತೋಷದ ಸಂಗತಿಯೇ. ಸೋರುವ ಮಾಳಿಗೆಯ ಕೆಳಗೆ ಪಾತ್ರೆಗಳನ್ನಿಟ್ಟು ರಾತ್ರಿ ಕಳೆದವರಿಗೆ ಅದರ ಬೆಲೆ ಗೊತ್ತು. ಆದರೆ ಸಾವಿರಾರು ರೂಪಾಯಿಗಳ ಬಣ್ಣವನ್ನು ಬಳಿದ ಮೇಲೆ, ಅದು ವರ್ಷಾನುಗಟ್ಟಲೆ ಕೆಡದಿರಲಿ ಎಂಬ ಆಸೆಯೂ ಮನೆಯನ್ನು ಹೊಕ್ಕಿತು. ಕೆಡಬಾರದ ಮನೆಯಲ್ಲಿ ಕೆಡಿಸುವುದೇ ಸ್ವಭಾವವಾದ ಮಗುವು ವೈರಿಯಂತೆ ಕಾಣತೊಡಗಿತು.

ಇದಕ್ಕೆ ಒಂದು ಪ್ರಸಂಗವನ್ನು ಹೇಳಬಹುದು. ಕೆಲವು ವರ್ಷಗಳ ಹಿಂದೆ ನಾವು ಅಷ್ಟಮಿಯ ಪೂಜೆಗೆಂದು ಒಂದು ಮನೆಗೆ ಹೋಗಿದ್ದೆವು. ತುಳಸೀಕಟ್ಟೆಗೆ ಹಚ್ಚಲು ಕಲಸಿಟ್ಟಿದ್ದ ಕೆಮ್ಮಣ್ಣಿನಲ್ಲಿ ಮೂರು ವರ್ಷದ ಬಾಲಕನು ಎರಡೂ ಕೈಗಳನ್ನು ಅದ್ದಿ, ಪಡಸಾಲೆಯ ಹೊಸ ಬಣ್ಣದ ಗೋಡೆಯ ಮೇಲೆ ಸಾಲಾಗಿ ಒತ್ತುತ್ತ ನಡೆದಿದ್ದನು. ತಂದೆಯು ನೋಡಿದವನೇ ಕೈಯೆತ್ತಿದನು. ಒಳಗಿನಿಂದ ಬಂದ ಅಜ್ಜಿಯು, "ಏ, ಹೊಡೀಬ್ಯಾಡೋ. ನೀ ಸಣ್ಣಾವಿದ್ದಾಗ ಇದ್ದಲೀಲೆ ಗ್ವಾಡಿ ತುಂಬ ಗೀಚತಿದ್ದಿ. ನಿಮ್ಮಪ್ಪ ಒಂದ ದಿನಾನೂ ಕೈ ಎತ್ತಲಿಲ್ಲ" ಎಂದರು. "ಆವಾಗ ಸುಣ್ಣ ಇತ್ತವ್ವಾ. ಇದಕ್ಕ ಎಷ್ಟು ರೊಕ್ಕ ಹೋಗ್ಯಾವ ಗೊತ್ತದ ಏನು?" ಎಂದು ಮಗನು ಮರುನುಡಿದನು. ಆ ವೃದ್ಧ ಮಾತೆಯು ಶಾಂತವಾಗಿಯೇ, "ಹೌದಪಾ. ಗ್ವಾಡಿ ಅಗ್ಗ ಇದ್ದಾಗ ಕೂಸು ತುಟ್ಟಿ ಇತ್ತು. ಈಗ ಗ್ವಾಡಿ ತುಟ್ಟಿ ಆಗೇದ" ಎಂದರು. ಎತ್ತಿದ ಕೈ ಕೆಳಗಿಳಿಯಿತು. ತಂದೆಯು ಮಗನನ್ನು ಹಿತ್ತಿಲಿಗೆ ಕರೆದೊಯ್ದು ತುಳಸೀಕಟ್ಟೆಯ ಬುಡವನ್ನು ತೋರಿಸಿ, ಆ ಕೆಮ್ಮಣ್ಣನ್ನು ಅಲ್ಲಿ ಹಚ್ಚಲು ಕೊಟ್ಟನು. ಪಾಠಶಾಲೆಯಲ್ಲಿ ಅನೇಕ ವ್ಯಾಖ್ಯಾನಗಳನ್ನು ಕೇಳಿದ ನಮಗೂ ಆ ತಾಯಿಯ ಮಾತು ಹೊಸ ಪಾಠವೆನಿಸಿತು.

ಈ ಪಾಠದ ಮೂಲವು ಗೋಕುಲದಲ್ಲಿದೆ. ದಶಮ ಸ್ಕಂಧವನ್ನು ಮನೆವಾರ್ತೆಯ ದೃಷ್ಟಿಯಿಂದ ಒಮ್ಮೆ ನೋಡಿರಿ. ಶ್ರೀಕೃಷ್ಣನು ಅವತರಿಸಿದಾಗ ನಂದಗೋಕುಲದ ಬಾಗಿಲು, ಅಂಗಳ, ಒಳಮನೆಗಳನ್ನೆಲ್ಲ ಗುಡಿಸಿ, ನೀರು ಚಿಮುಕಿಸಿ, ಪತಾಕೆ, ಹೂಮಾಲೆ, ತಳಿರುತೋರಣಗಳಿಂದ ಸಿಂಗರಿಸಿದರು. ಆಕಳು ಕರುಗಳಿಗೂ ಅರಿಸಿನದೆಣ್ಣೆಯನ್ನು ಲೇಪಿಸಿದರು. ಮಗು ಬಂದಿತೆಂದೇ ಆ ಅಲಂಕಾರ. ಅದೇ ಮಗು ಬೆಳೆದು, ತಾಯಿ ಮೊಸರು ಕಡೆಯುವಾಗ ಕಡಗೋಲನ್ನು ಹಿಡಿದು ನಿಲ್ಲಿಸಿತು. ಒಲೆಯ ಮೇಲಿನ ಹಾಲು ಉಕ್ಕಿತೆಂದು ಆಕೆ ಮಗನನ್ನು ಕೆಳಗಿಳಿಸಿ ಓಡಿದಾಗ ಮೊಸರಿನ ಗಡಿಗೆಯನ್ನು ಕಲ್ಲಿನಿಂದ ಒಡೆಯಿತು. ಮರಳಿ ಬಂದ ಯಶೋದೆಯು ಒಡೆದ ಗಡಿಗೆಯನ್ನು ನೋಡಿ ಮೊದಲು ಮಾಡಿದ್ದೇನು? ನಕ್ಕಳು. ಬಳಿಕ ಕೋಲನ್ನು ಹಿಡಿದು ಬೆನ್ನಟ್ಟಿದಳು, ನಿಜ. ಆದರೆ ಮಗನು ಅಂಜಿದನೆಂದು ಕಂಡೊಡನೆಯೇ ಆ ಕೋಲನ್ನು ಎಸೆದುಬಿಟ್ಟಳು. ನಗುವನ್ನೂ ಕೋಲೆಸೆದುದನ್ನೂ ಭಾಗವತವು ಬಿಡದೆ ಹೇಳುತ್ತದೆ. ಆಮೇಲೆ ಹಗ್ಗದಿಂದ ಕಟ್ಟಹೋದಳು. ಅದು ಎರಡು ಅಂಗುಲ ಸಾಲದಾಯಿತು. ಮನೆಯಲ್ಲಿದ್ದ ಹಗ್ಗಗಳನ್ನೆಲ್ಲ ಗಂಟು ಹಾಕಿದರೂ ಸಾಲದಾಯಿತು. ತಾಯಿಯು ದಣಿದುದನ್ನು ಕಂಡು ಕರುಣೆಯಿಂದ ತಾನೇ ಕಟ್ಟಿಸಿಕೊಂಡನು. ಮಕ್ಕಳನ್ನು ಶಿಕ್ಷಿಸಲೇಬಾರದೆಂದು ಇದರ ಅರ್ಥವಲ್ಲ. ಶಿಕ್ಷೆಯ ಒಳಗೆ ವಾತ್ಸಲ್ಯವಿರಬೇಕು, ಒಡೆದ ಗಡಿಗೆಯ ಲೆಕ್ಕವಿರಬಾರದು. ಶ್ರೀಮದಾಚಾರ್ಯರು ಉಡುಪಿಯಲ್ಲಿ ಪ್ರತಿಷ್ಠಾಪಿಸಿದ ಮೂರ್ತಿಯೂ ಕಡಗೋಲು ಹಗ್ಗಗಳನ್ನು ಹಿಡಿದ ಬಾಲಕೃಷ್ಣನದೇ ಎಂಬುದನ್ನು ಮರೆಯಬಾರದು. ಅಡುಗೆಮನೆಯ ಸಾಮಾನನ್ನು ಕೈಯಲ್ಲಿ ಹಿಡಿದು ನಿಂತ ಮಗುವಿಗೆ ಅಲ್ಲಿ ಯತಿಗಳೇ ಸ್ವಹಸ್ತದಿಂದ ನಿತ್ಯಪೂಜೆ ಸಲ್ಲಿಸುತ್ತಾರೆ.

ಹಾಗಾದರೆ ಮಕ್ಕಳನ್ನು ಅಲಂಕಾರದಲ್ಲಿ ಸೇರಿಸಿಕೊಳ್ಳುವುದು ಹೇಗೆ? ನಮ್ಮ ಸಂಪ್ರದಾಯದಲ್ಲಿಯೇ ಇದಕ್ಕೆ ದಾರಿಗಳಿವೆ. ಜ್ಯೇಷ್ಠ ಬಹುಳ ಅಮಾವಾಸ್ಯೆಯನ್ನು ನಮ್ಮ ಕಡೆ ಮಣ್ಣೆತ್ತಿನ ಅಮಾವಾಸ್ಯೆ ಎನ್ನುತ್ತಾರೆ. ಅಂದು ಎರೆಮಣ್ಣನ್ನು ಕಲಸಿ ಎತ್ತುಗಳನ್ನು ಮಾಡಿ ಪೂಜಿಸುತ್ತಾರೆ. ಮಗುವು ಮಾಡಿದ ಎತ್ತಿಗೆ ಒಂದು ಕೋಡು ಗಿಡ್ಡವಾಗಿರಬಹುದು, ಕಾಲು ನಾಲ್ಕರ ಬದಲು ಮೂರೇ ಇರಬಹುದು. ಆದರೂ ಹಿರಿಯರು ಅದಕ್ಕೆ ಅರಿಸಿನ-ಕುಂಕುಮವಿಟ್ಟು ನಮಸ್ಕರಿಸುತ್ತಾರೆ. ಮಗುವಿನ ಕೈಕೆಲಸಕ್ಕೆ ಇದಕ್ಕಿಂತ ಹೆಚ್ಚಿನ ಮನ್ನಣೆ ಬೇಕೆ? ಚಾತುರ್ಮಾಸ್ಯದಲ್ಲಿ ಗೋಪದ್ಮ ವ್ರತವನ್ನು ಹಿಡಿದ ತಾಯಂದಿರು ನಿತ್ಯವೂ 33 ಪದ್ಮಗಳನ್ನು ಬರೆಯುತ್ತಾರೆ. ಬರೆಯುವುದು ತಾಯಿಯದಾಗಲಿ, ಎಣಿಸುವುದು ಮಗುವಿನದಾಗಲಿ. ಎಣಿಕೆಯೂ ಬಂದೀತು, ವ್ರತದ ಪರಿಚಯವೂ ಆದೀತು. ಅಷ್ಟಮಿಯಂದು ಅಕ್ಕಿಹಿಟ್ಟನ್ನು ಕಲಸಿಕೊಟ್ಟರೆ, ಮುಷ್ಟಿಯ ಅಂಚನ್ನು ಅದ್ದಿ ಒತ್ತಿ, ಮೇಲೆ ಬೆರಳ ತುದಿಯಿಂದ ಐದು ಚುಕ್ಕೆಗಳನ್ನಿಟ್ಟು ಕೃಷ್ಣನ ಹೆಜ್ಜೆಗಳನ್ನು ಮೂಡಿಸುವುದು ಮಕ್ಕಳಿಗೆ ಬಲು ಸುಲಭ. ದೊಡ್ಡವರ ಮುಷ್ಟಿಯಿಂದ ಅಷ್ಟು ಚಿಕ್ಕ ಹೆಜ್ಜೆ ಮೂಡುವುದೂ ಇಲ್ಲ.

"ಮಡಿಗೆ ಅಡ್ಡಿಯಾಗುವುದಿಲ್ಲವೆ?" ಎಂದು ಕೆಲವರು ಕೇಳಬಹುದು. ಮಡಿಯ ಅಡುಗೆಗೂ ನೈವೇದ್ಯಕ್ಕೂ ಇರುವ ನಿಯಮಗಳು ಇರಲಿ. ಅಂಗಳ, ಹೊಸ್ತಿಲು, ಪಡಸಾಲೆ, ತುಳಸೀಕಟ್ಟೆಯ ಬುಡ, ಇಲ್ಲೆಲ್ಲ ಮಗುವಿನ ಕೈಗೆ ಸಾಕಷ್ಟು ಕೆಲಸವಿದೆ. ಸುಮಧ್ವವಿಜಯದಲ್ಲಿ ಬಾಲಕ ವಾಸುದೇವನ ಒಂದು ಕಥೆಯಿದೆ. ಪಾಜಕದ ಮನೆಗೆ ಸಾಲಗಾರನು ಬಂದು ಕುಳಿತಾಗ, ಬಾಲಕನು ಹುಣಿಸೆಯ ಬೀಜಗಳನ್ನು ತಂದು ಅವನ ಕೈಗಿತ್ತನು. ಅವನು ಅವುಗಳನ್ನೇ ಸ್ವೀಕರಿಸಿದನು. ಜೀವೋತ್ತಮರ ಮಹಿಮೆಯು ನಮ್ಮ ಮಕ್ಕಳಿಗೆ ಬರುವುದಿಲ್ಲ, ಹೋಲಿಕೆಯೂ ಸಲ್ಲದು. ಆದರೆ ಮಗುವು ಭಕ್ತಿಯಿಂದ ತಂದದ್ದನ್ನು ಹುಣಿಸೆಬೀಜವೆಂದು ತಳ್ಳದೆ ಸ್ವೀಕರಿಸುವ ಬುದ್ಧಿಯನ್ನಾದರೂ ನಾವು ಆ ಸಾಲಗಾರನಿಂದ ಕಲಿಯಬಹುದು.

ಇಲ್ಲಿ ಕೆಲವು ಎಚ್ಚರಿಕೆಯ ಮಾತುಗಳೂ ಅವಶ್ಯ. ಸುಣ್ಣವು ಕಣ್ಣಿಗೆ ಬಿದ್ದರೆ ಸುಡುತ್ತದೆ. ಆದುದರಿಂದ ಸುಣ್ಣ ನೆನೆಸುವಾಗಲೂ ಬಳಿಯುವಾಗಲೂ ಮಕ್ಕಳು ದೂರವಿರಬೇಕು. ಅವರಿಗೆ ಕೆಮ್ಮಣ್ಣು ಸಾಕು. ಹಳೆಯ ಎಣ್ಣೆಬಣ್ಣಗಳಲ್ಲಿ ಸೀಸವು ಇರುವುದುಂಟು. ಮನೆಬಳಕೆಯ ಬಣ್ಣದಲ್ಲಿ ಸೀಸವು ಹತ್ತು ಲಕ್ಷದಲ್ಲಿ 90 ಪಾಲನ್ನು ಮೀರಬಾರದೆಂಬ ಕೇಂದ್ರ ಸರ್ಕಾರದ ನಿಯಮವು 2016ರಲ್ಲಿ ಹೊರಟು 2017ರ ನವೆಂಬರಿನಿಂದ ಜಾರಿಗೆ ಬಂದಿತು. ಅದಕ್ಕೂ ಹಿಂದಿನ ಬಣ್ಣವನ್ನು ಹಬ್ಬಕ್ಕಾಗಿ ಉಜ್ಜಿ ಕೆರೆಯುವಾಗ ಏಳುವ ಧೂಳು ಎಳೆಯ ಮಕ್ಕಳ ಮೆದುಳಿಗೆ ಕೇಡು. ಆ ದಿನ ಮಕ್ಕಳನ್ನು ಬೇರೆಡೆಗೆ ಕಳುಹಿಸಿ, ಧೂಳನ್ನು ಒದ್ದೆಬಟ್ಟೆಯಿಂದ ಒರೆಸಿ ತೆಗೆಯತಕ್ಕದ್ದು. ಪ್ಲಾಸ್ಟಿಕ್ಕಿನ ತೋರಣವು ದೀಪದ ಬಳಿ ತೂಗಬಾರದು. ದೀಪವು ಮಗುವಿನ ಕೈಗೆ ಎಟುಕದಷ್ಟು ಎತ್ತರದ ಗೂಡಿನಲ್ಲಿರಲಿ.

ವಿದ್ಯೆಗಾಗಿ, ಉದ್ಯೋಗಕ್ಕಾಗಿ ಅಬ್ಬಿಗೇರಿಯನ್ನು ಬಿಟ್ಟು ಹುಬ್ಬಳ್ಳಿ, ಬೆಂಗಳೂರುಗಳ ಬಾಡಿಗೆ ಮನೆಗಳಲ್ಲಿ ಇರುವವರಿಗೆ ಅಂಗಳವಿಲ್ಲ, ಗೋಡೆಗೆ ಮೊಳೆ ಹೊಡೆಯುವ ಸ್ವಾತಂತ್ರ್ಯವೂ ಇಲ್ಲ. ಅವರು ಚಿಂತಿಸಬೇಕಾಗಿಲ್ಲ. ಬಾಗಿಲ ಮುಂದೆ ಒಂದು ಮೊಳ ನೆಲ, ಒಂದು ಹಿಡಿ ಅಕ್ಕಿಹಿಟ್ಟು, ಕುಂಡದಲ್ಲೊಂದು ತುಳಸಿ ಇದ್ದರೆ ಸಾಕು. ಅಂಟಿಸುವ ರಂಗೋಲಿಯನ್ನು ತಂದು ವರ್ಷವಿಡೀ ಬಿಡುವುದಕ್ಕಿಂತ, ವಾರಕ್ಕೊಮ್ಮೆಯಾದರೂ ಮಗುವಿನ ಕೈಯಿಂದ ನಾಲ್ಕು ಚುಕ್ಕೆಗಳನ್ನು ಇಡಿಸಿರಿ. ಅದು ಅಳಿಸಿಹೋಗಲಿ, ಮತ್ತೆ ಇಡಿಸಿರಿ. ಅಕ್ಷರಾಭ್ಯಾಸದ ಕಾಲದಲ್ಲಿ, ನಿನ್ನೆ ಬರೆದ ಅಕ್ಷರಗಳನ್ನೇ ಇಂದೂ ಏಕೆ ಬರೆಯಬೇಕೆಂದು ಬಾಲಕ ವಾಸುದೇವನು ತಂದೆಯನ್ನು ಕೇಳಿದನಂತೆ. ಸರ್ವಜ್ಞರಿಗೆ ಆ ಪ್ರಶ್ನೆ ಸಹಜ. ಅಲ್ಪಜ್ಞರಾದ ನಮಗಾದರೋ ನಿನ್ನೆಯದನ್ನೇ ಇಂದೂ ಬರೆಯುವುದರಲ್ಲಿಯೇ ಸಾಧನೆಯಿದೆ.

ಬರುವ ಶ್ರಾವಣದಲ್ಲಿ ಅಲಂಕಾರಕ್ಕೆ ಕುಳಿತಾಗ ನಿಮ್ಮ ಕೂಸನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿರಿ. ಅದರ ಪಾಲಿನದನ್ನು ಅದಕ್ಕೆ ಕೊಡಿರಿ. ಅತ್ತೆಯಂದಿರು ಸೊಸೆಯ ರಂಗವಲ್ಲಿಯಲ್ಲಿ ಸೊಟ್ಟ ಎಳೆಯನ್ನು ಕಂಡರೆ, ಅದು ಮೊಮ್ಮಗುವಿನ ಕೈಯದೆಂದು ತಿಳಿದು ಸುಮ್ಮನಿರಲಿ. ಭಕ್ತಿಯಿಂದ ಕೊಟ್ಟ ಎಲೆಯನ್ನೂ ಹೂವನ್ನೂ ಸ್ವೀಕರಿಸುವೆನೆಂದು ಗೀತೆಯಲ್ಲಿ ನುಡಿದ ಆ ಕರುಣಾಳುವು ಎಲ್ಲರ ಮನೆಯ ಮಕ್ಕಳನ್ನೂ ರಕ್ಷಿಸಲಿ.

ಭಾರತೀರಮಣ ಮುಖ್ಯಪ್ರಾಣಾಂತರ್ಗತ ಶ್ರೀಕೃಷ್ಣಾರ್ಪಣಮಸ್ತು.